ಒಂದು ರಾಜ್ಯದಲ್ಲಿ ಅಮಾನತಾದ ವಕೀಲರ ಉಳಿದ ಸನದುಗಳ ಗತಿ: ನ್ಯೂಜೆರ್ಸಿ, ನ್ಯೂಯಾರ್ಕ್, ಡಿ.ಸಿ.

ಪ್ರಶ್ನೆ: ಹೇಮಾವತಿ_ಬಿ

ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ರಾಜ್ಯಗಳ ಸನದು ಇರುವ ವಕೀಲರ ಮೇಲೆ ಒಂದು ರಾಜ್ಯ ಶಿಸ್ತುಕ್ರಮ ಜರುಗಿಸಿದರೆ ಉಳಿದ ಕಡೆ ಏನಾಗುತ್ತದೆ? ರೆಸಿಪ್ರೊಕಲ್ ಡಿಸಿಪ್ಲಿನ್ (ಒಂದು ರಾಜ್ಯದ ಶಿಕ್ಷೆಯನ್ನು ಆಧರಿಸಿ ಇನ್ನೊಂದು ರಾಜ್ಯವೂ ಶಿಕ್ಷಿಸುವುದು) ಎಂಬ ಮಾತು ಕೇಳಿರುತ್ತೇವೆ. ಆದರೆ ಆದೇಶ ಕೈಗೆ ಬಂದ ದಿನ ಯಾರಿಗೆ ಬರೆಯಬೇಕು, ಏನು ಕಳಿಸಬೇಕು ಎಂಬುದು ಒಂದೆಡೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಕೂತು ಅಲ್ಲಿನ ವಕೀಲರ ಕಾಂಪ್ಲಯನ್ಸ್ ಕ್ಯಾಲೆಂಡರ್ ನೋಡಿಕೊಳ್ಳುವ ನಮ್ಮಂಥ ತಂಡಗಳಿಗೆ ಇದು ಸ್ಪಷ್ಟವಾಗಿ ಬೇಕು.

ಒಂದು ಮಾದರಿ ಪ್ರಸಂಗ ಇಟ್ಟುಕೊಳ್ಳೋಣ. ವಕೀಲರಿಗೆ ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಡಿ.ಸಿ. ಮೂರೂ ಕಡೆ ಸನದು ಇದೆ. ಪೇಟೆಂಟ್ ಕಚೇರಿಯಲ್ಲೂ ನೋಂದಣಿ ಇದೆ. ನ್ಯೂಜೆರ್ಸಿಯಲ್ಲಿ ಕೆಲವು ಕೇಸುಗಳನ್ನು ತೀರಾ ನಿರ್ಲಕ್ಷಿಸಿದ್ದು, ದಾವೆ ಹೂಡದೆಯೇ ಹೂಡಿದ್ದೇನೆ ಎಂದು ಕಕ್ಷಿದಾರರಿಗೆ ಹೇಳಿದ್ದು, ಈ ಎರಡಕ್ಕೆ ಒಪ್ಪಂದದ ಮೇಲೆ ಮೂರು ತಿಂಗಳ ಅಮಾನತು. ಆದೇಶ ಮಾರ್ಚ್ 3ರದು, ಜಾರಿ ಏಪ್ರಿಲ್ 1ರಿಂದ.

ಕೇಳಬೇಕಾದ್ದು ನಾಲ್ಕು: ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕು? ನ್ಯೂಯಾರ್ಕ್‌ನಲ್ಲೋ ಡಿ.ಸಿ.ಯಲ್ಲೋ ಮೊದಲಿಂದ ವಾದ ಮಾಡಲು ಅವಕಾಶ ಇದೆಯೇ? ಮೂರು ತಿಂಗಳು ಎಲ್ಲ ಕಡೆ ಒಟ್ಟಿಗೆ ಕಳೆಯುತ್ತದೆಯೋ, ಒಂದಾದ ಮೇಲೆ ಒಂದೋ? ಡಿ.ಸಿ. ಸನದು ಹೇಗೂ ಬಳಕೆಯಲ್ಲಿಲ್ಲ, ರಾಜೀನಾಮೆ ಕೊಟ್ಟರೆ ತಲೆನೋವು ತಪ್ಪುತ್ತದೆಯೇ?

ಉತ್ತರ: ಟ್ರೆಂಟನ್_ಕನ್ನಡಿಗ

ಮೇಡಂ, ಮೊದಲು ವಾಯಿದೆಗಳನ್ನು ನೋಡಿ. ವಾದದ ಮಾತು ಆಮೇಲೆ.

ನ್ಯೂಯಾರ್ಕ್‌ನಲ್ಲಿ ಅಟಾರ್ನಿ ಶಿಸ್ತು ನಿಯಮಗಳ 1240.13 ಅನ್ವಯ, ಹೊರಗಿನ ಶಿಸ್ತುಕ್ರಮವಾದ 30 ದಿನದೊಳಗೆ ವಕೀಲರೇ ತಿಳಿಸಬೇಕು. ತಿಳಿಸಬೇಕಾದ್ದು ಇಬ್ಬರಿಗೆ: ಅವರು ಸೇರಿದ ಅಪೆಲೇಟ್ ಡಿವಿಷನ್ (ಮೇಲ್ಮನವಿ ವಿಭಾಗ) ನ್ಯಾಯಾಲಯಕ್ಕೆ ಮತ್ತು ವಕೀಲರ ಮೇಲಿನ ದೂರು ವಿಚಾರಿಸುವ ಅಲ್ಲಿನ ಗ್ರೀವೆನ್ಸ್ ಕಮಿಟಿಗೆ. ಕಮಿಟಿಗೆ ಒಂದು ಇಮೇಲ್ ಹಾಕಿ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. 30 ದಿನವನ್ನು ಆದೇಶದ ತಾರೀಖಿನಿಂದ ಎಣಿಸಿ, ಜಾರಿಗೆ ಬರುವ ತಾರೀಖಿನಿಂದ ಬೇಡ. ನಿಮ್ಮ ಪ್ರಸಂಗದಲ್ಲಿ ಏಪ್ರಿಲ್ 1ರಿಂದ ಲೆಕ್ಕ ಹಾಕಿ ಏಪ್ರಿಲ್ ಕೊನೆಗೆ ಕಳಿಸಿದರೆ ತಡವಾಯಿತು ಎಂಬ ಆಕ್ಷೇಪ ಬರಬಹುದು. ಮಾರ್ಚ್ 3ರಿಂದ ಎಣಿಸಿದರೆ ಯಾರೂ ಬೆರಳು ತೋರಿಸುವಂತಿಲ್ಲ.

ಡಿ.ಸಿ.ಯಲ್ಲಿ ರೂಲ್ 11ರ ಸೆಕ್ಷನ್ 11 ಇದೆ. ಅದು ದಿನ ಎಣಿಸುವುದಿಲ್ಲ, ಶಿಸ್ತು ಪ್ರಕರಣ ನಡೆಸುವ ಡಿಸಿಪ್ಲಿನರಿ ಕೌನ್ಸೆಲ್‌ಗೆ ಕೂಡಲೇ ಲಿಖಿತವಾಗಿ ತಿಳಿಸಿ ಎನ್ನುತ್ತದೆ. ಸಂಖ್ಯೆ ಇಲ್ಲದ ಕಡೆ ಆಯಿತು ನೋಡೋಣ ಎಂದು ಬಿಡುವುದು ಅಪಾಯ. ಅದೇ ವಾರ ಕಳಿಸಿ. ಪೇಟೆಂಟ್ ಕಚೇರಿಗೆ ಫೆಡರಲ್ ನಿಯಮಾವಳಿಯ 37 ಸಿಎಫ್ಆರ್ 11.24ರ ಪ್ರಕಾರ 30 ದಿನ. ಕ್ಯಾಲಿಫೋರ್ನಿಯಾ ಸನದು ಇರುವವರಿಗೆ ಅಲ್ಲಿನ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್ 6068(ಒ)(6) ಅಡಿ ಅದೂ 30 ದಿನವೇ.

ಫೆಡರಲ್ ನ್ಯಾಯಾಲಯಗಳನ್ನು ಮರೆಯುವವರು ಬಹಳ. ರಾಜ್ಯದ ಸನದು ಬೇರೆ, ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನ ಪಟ್ಟಿಯಲ್ಲಿ ಹೆಸರು ಇರುವುದು ಬೇರೆ. ಡಿಸ್ಟ್ರಿಕ್ಟ್ ಆಫ್ ನ್ಯೂಜೆರ್ಸಿ, ನ್ಯೂಯಾರ್ಕ್‌ನ ಸದರ್ನ್ ಮತ್ತು ಈಸ್ಟರ್ನ್ ಡಿಸ್ಟ್ರಿಕ್ಟ್, ಸರ್ಕ್ಯೂಟ್ ನ್ಯಾಯಾಲಯಗಳು, ಪ್ರೊ ಹ್ಯಾಕ್ ವೈಸ್ (ಒಂದು ಕೇಸಿಗೆ ಸೀಮಿತ) ಅನುಮತಿ ಪಡೆದ ಕೋರ್ಟುಗಳು, ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಲೋಕಲ್ ರೂಲ್ ಇದೆ. ಒಂದೊಂದನ್ನೂ ತೆರೆದು ಓದಬೇಕು.

ಲಕೋಟೆಯಲ್ಲಿ ಇರಬೇಕಾದ್ದು ಇಷ್ಟು: ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಆದೇಶದ ದೃಢೀಕೃತ ಪ್ರತಿ (ವೆಬ್‌ಸೈಟಿನ ಪ್ರಿಂಟ್ ಔಟ್ ಆಗುವುದಿಲ್ಲ), ಒಪ್ಪಂದ ಪತ್ರದ ಪ್ರತಿ, ಒಂದು ಪುಟದ ಪತ್ರ. ಪತ್ರದಲ್ಲಿ ಆ ರಾಜ್ಯದ ನೋಂದಣಿ ಸಂಖ್ಯೆ, ಆದೇಶದ ತಾರೀಖು, ಜಾರಿ ತಾರೀಖು, ಆ ರಾಜ್ಯದಲ್ಲಿ ಈಗ ನಡೆಯುತ್ತಿರುವ ಕೇಸುಗಳಿವೆಯೇ ಇಲ್ಲವೇ, ಉಳಿದ ಎಲ್ಲ ಸನದುಗಳ ಪಟ್ಟಿ, ನೋಟಿಸ್ ತಲುಪಬೇಕಾದ ವಿಳಾಸ. ಅಷ್ಟಕ್ಕೇ ನಿಲ್ಲಿಸಿ. ಆ ಪತ್ರದಲ್ಲಿ ಸಮರ್ಥನೆ ಬರೆಯಬೇಡಿ. ನಿಜವಾಗಿ ನಾನು ಸುಳ್ಳು ಹೇಳಿರಲಿಲ್ಲ ಎಂಬ ಒಂದು ಸಾಲು ಸೇರಿದರೆ, ಒಪ್ಪಂದದಲ್ಲಿ ಸಹಿ ಹಾಕಿ ಒಪ್ಪಿಕೊಂಡಿದ್ದನ್ನು ಇಲ್ಲಿ ಅಲ್ಲಗಳೆದಂತಾಗುತ್ತದೆ. ಶಿಸ್ತು ಅಧಿಕಾರಿಗೆ ಕೊಟ್ಟ ಹೇಳಿಕೆ ಸುಳ್ಳು ಎಂದಾದರೆ ಅದೇ ಇನ್ನೊಂದು ದೋಷಾರೋಪ.

ಹೇಳದೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬೇಡವೇ ಬೇಡ. ಅಮೆರಿಕನ್ ಬಾರ್ ಅಸೋಸಿಯೇಷನ್ 1968ರಿಂದ ನಡೆಸುತ್ತಿರುವ ರಾಷ್ಟ್ರೀಯ ಡೇಟಾ ಬ್ಯಾಂಕಿಗೆ ಬಹಿರಂಗ ಶಿಸ್ತುಕ್ರಮಗಳೆಲ್ಲ ಸೇರುತ್ತವೆ, ಅಲ್ಲಿಂದ ಉಳಿದ ರಾಜ್ಯಗಳಿಗೆ ಗೊತ್ತಾಗುತ್ತದೆ. ತಿಳಿಸದೇ ಇದ್ದದ್ದಕ್ಕೆ ಆಗ ಬೇರೆಯೇ ಲೆಕ್ಕ.

ನ್ಯೂಜೆರ್ಸಿಯ ಒಳಗೇ ಒಂದು ಕೆಲಸ ಬಾಕಿ ಇರುತ್ತದೆ. ರೂಲ್ 1:20-20 ಅಡಿ ಕಕ್ಷಿದಾರರಿಗೆ, ಎದುರು ವಕೀಲರಿಗೆ, ನ್ಯಾಯಾಲಯಗಳಿಗೆ ತಿಳಿಸಿ, ಫೈಲು ಹಿಂತಿರುಗಿಸಿ, ಇದನ್ನೆಲ್ಲ ಮಾಡಿದ್ದೇನೆ ಎಂದು 30 ದಿನದೊಳಗೆ ಅಫಿಡವಿಟ್ ಹಾಕಬೇಕು. ಇದನ್ನು ಹಾಕದೆ ಎರಡನೇ ಶಿಸ್ತುಕ್ರಮ ತಂದುಕೊಂಡವರ ಆದೇಶಗಳು ನ್ಯೂಜೆರ್ಸಿಯಲ್ಲಿ ರಾಶಿ ಇವೆ. ಆ ಎರಡನೆಯದೂ ಮತ್ತೆ ನ್ಯೂಯಾರ್ಕ್, ಡಿ.ಸಿ.ಗೆ ಪ್ರಯಾಣ ಮಾಡುತ್ತದೆ.

ಉತ್ತರ: ವಕಾಲತ್ತು

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಮೊದಲಿಂದ ವಾದ ಮಾಡಲು ಆಗುವುದಿಲ್ಲ. ಯಾವ ಬಾಗಿಲು ತೆರೆದಿದೆ ಎಂದು ತಿಳಿಯಬೇಕಾದರೆ ಇದು ಎಲ್ಲಿಂದ ಬಂತು ನೋಡಬೇಕು.

1917ರಲ್ಲಿ ಸೆಲ್ಲಿಂಗ್ ವಿರುದ್ಧ ರಾಡ್‌ಫರ್ಡ್ ಪ್ರಕರಣದಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಡಿಸ್‌ಬಾರ್ (ಸನದು ರದ್ದು) ಮಾಡಿದ್ದ ವಕೀಲರನ್ನು ತನ್ನ ಪಟ್ಟಿಯಿಂದಲೂ ತೆಗೆಯಬೇಕೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಾಜ್ಯದ ತೀರ್ಪು ತನ್ನನ್ನು ಕಟ್ಟಿಹಾಕುವುದಿಲ್ಲ, ಆದರೂ ಮೂರು ಕಾರಣಗಳಲ್ಲಿ ಒಂದು ಎದ್ದು ಕಾಣದ ಹೊರತು ಅದನ್ನೇ ಒಪ್ಪುತ್ತೇನೆ ಎಂದಿತು ಕೋರ್ಟ್. ನೋಟಿಸ್ ಅಥವಾ ವಾದಕ್ಕೆ ಅವಕಾಶ ಸಿಗದೇ ಇದ್ದದ್ದು ಒಂದು. ಸಾಕ್ಷ್ಯ ತೀರಾ ದುರ್ಬಲ ಎಂಬುದು ಇನ್ನೊಂದು. ನ್ಯಾಯಕ್ಕೆ ವಿರುದ್ಧವಾಗುವ ಬೇರೆ ಗಂಭೀರ ಕಾರಣ ಮೂರನೆಯದು. ರಾಜ್ಯ ಡಿಸ್‌ಬಾರ್ ಮಾಡಿತೆಂದು ಫೆಡರಲ್ ಕೋರ್ಟಿನಲ್ಲಿ ಯಾಂತ್ರಿಕವಾಗಿ ಹೆಸರು ಹೊಡೆಯುವಂತಿಲ್ಲ ಎಂದು 1957ರ ಥಿಯಾರ್ಡ್ ಪ್ರಕರಣ ಹೇಳಿತು. ವಿಚಾರಣೆ ನಡುವೆ ಹೊಸ ಆರೋಪ ಸೇರಿಸಿ ಅದರ ಮೇಲೆ ಶಿಕ್ಷಿಸಿದರೆ ಅದು ನೋಟಿಸ್ ಇಲ್ಲದಂತೆಯೇ ಎಂದು 1968ರ ರಫಾಲೊ ತೀರ್ಪು. ಇವತ್ತು ಯಾರಾದರೂ ಈ ವಾದದಲ್ಲಿ ಗೆದ್ದರೆ ಬಹುಪಾಲು ರಫಾಲೊ ಮಾದರಿಯ ದೋಷದಿಂದಲೇ ಗೆಲ್ಲಬೇಕು.

ರಾಜ್ಯಗಳ ನಿಯಮಗಳು ಈ ಮೂರರ ಮೇಲೆ ತಮ್ಮ ತಮ್ಮದು ಸೇರಿಸಿವೆ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ (ಎಬಿಎ) ಮಾದರಿ ನಿಯಮ 22 ಪ್ರಕಾರ ದೃಢೀಕೃತ ಪ್ರತಿ ಬಂದ ಮೇಲೆ ಶೋಕಾಸ್ ನೋಟಿಸ್, 30 ದಿನ ಸಮಯ, ಉತ್ತರ ಸಾಲದಿದ್ದರೆ ಅದೇ ಶಿಕ್ಷೆ. ಡಿ.ಸಿ.ಯಲ್ಲಿ ಐದು ವಿನಾಯಿತಿಗಳಿವೆ: ಮೇಲಿನ ಮೂರರ ಜೊತೆಗೆ, ಈ ತಪ್ಪಿಗೆ ಡಿ.ಸಿ.ಯಲ್ಲಿ ಗಣನೀಯವಾಗಿ ಬೇರೆ ಶಿಕ್ಷೆ ಆಗುತ್ತಿತ್ತು ಎಂಬುದು, ಇದು ಡಿ.ಸಿ.ಯಲ್ಲಿ ತಪ್ಪೇ ಅಲ್ಲ ಎಂಬುದು. ಟೆಕ್ಸಾಸ್‌ನಲ್ಲೂ ಹೆಚ್ಚುಕಡಿಮೆ ಇವೇ ಐದು. ಅಲ್ಲಿ ಬೋರ್ಡ್ ಆಫ್ ಡಿಸಿಪ್ಲಿನರಿ ಅಪೀಲ್ಸ್ ಮುಂದೆ ವಕೀಲರೇ ಸ್ಪಷ್ಟ ಮತ್ತು ಮನದಟ್ಟಾಗುವ ಸಾಕ್ಷ್ಯದಿಂದ ಸಾಬೀತು ಮಾಡಬೇಕು. ನ್ಯೂಯಾರ್ಕ್‌ನಲ್ಲಿ ಮೂರೇ: ನೋಟಿಸ್ ಇಲ್ಲ, ಸಾಕ್ಷ್ಯ ದುರ್ಬಲ, ನ್ಯೂಯಾರ್ಕ್‌ನಲ್ಲಿ ಇದು ತಪ್ಪಲ್ಲ. ಅದೇ ಶಿಕ್ಷೆ ಕೊಡಲೇಬೇಕು ಎಂಬ ಕಟ್ಟು ನ್ಯೂಯಾರ್ಕ್‌ಗೆ ಇಲ್ಲ, ಆದರೆ ಮೊದಲು ಶಿಕ್ಷಿಸಿದ ರಾಜ್ಯದ ಅಳತೆಗೆ ಅಲ್ಲಿನ ನ್ಯಾಯಾಲಯಗಳು ತುಂಬ ತೂಕ ಕೊಡುತ್ತವೆ. ಕ್ಯಾಲಿಫೋರ್ನಿಯಾ ದಾರಿ ಬೇರೆ. ಅಲ್ಲಿನ ಅದೇ ಕೋಡಿನ 6049.1ರ ಪ್ರಕಾರ ತಪ್ಪು ನಡೆದದ್ದಕ್ಕೆ ಹೊರ ರಾಜ್ಯದ ದಾಖಲೆಯೇ ನಿರ್ಣಾಯಕ ಸಾಕ್ಷ್ಯ, ಮುಖ್ಯವಾಗಿ ಶಿಕ್ಷೆ ಎಷ್ಟು ಎಂಬುದನ್ನು ಸ್ಟೇಟ್ ಬಾರ್ ಕೋರ್ಟ್ ಹೊಸದಾಗಿ ತೂಗುತ್ತದೆ. ಅಲ್ಲಿ ಪಶ್ಚಾತ್ತಾಪ, ಹಿಂದಿನ ಶುದ್ಧ ದಾಖಲೆ, ಆರೋಗ್ಯ ಇವುಗಳ ಬಗ್ಗೆ ಸಾಕ್ಷ್ಯ ಕೊಡುವುದಕ್ಕೆ ಅರ್ಥ ಇದೆ.

ನಿಮ್ಮ ಪ್ರಸಂಗದಲ್ಲಿ ಇವು ಯಾವುವೂ ಒದಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ನೋಟಿಸ್ ಸಿಗಲಿಲ್ಲ ಎನ್ನುವಂತಿಲ್ಲ, ಸಾಕ್ಷ್ಯ ದುರ್ಬಲ ಎನ್ನುವಂತಿಲ್ಲ. ಕಕ್ಷಿದಾರರಿಗೆ ಸುಳ್ಳು ಹೇಳುವುದು ಎಲ್ಲ ಕಡೆಯೂ ತಪ್ಪು. ಬೇರೆ ಶಿಕ್ಷೆ ಆಗುತ್ತಿತ್ತು ಎಂಬ ನಾಲ್ಕನೇ ವಿನಾಯಿತಿಯನ್ನು ಹಿಡಿಯುವ ಮುನ್ನ ಎರಡು ಸಲ ಯೋಚಿಸಿ. ಅದನ್ನು ಡಿಸಿಪ್ಲಿನರಿ ಕೌನ್ಸೆಲ್ ಕೂಡ ಎತ್ತಬಹುದು, ಹೆಚ್ಚು ಶಿಕ್ಷೆ ಕೇಳುವುದಕ್ಕೆ. ಕಕ್ಷಿದಾರರ ಹಣದ ವಿಷಯ ಇರುವ ಕೇಸುಗಳಲ್ಲಿ ಇದು ನಿಜವಾದ ಭಯ. ನಿರ್ಲಕ್ಷ್ಯವನ್ನು ಮೀರಿದ ಹಣದ ದುರುಪಯೋಗಕ್ಕೆ ಡಿ.ಸಿ. 1990ರ ಆಡಮ್ಸ್ ತೀರ್ಪಿನಿಂದ ಈಚೆಗೆ ಬಹುತೇಕ ಡಿಸ್‌ಬಾರ್ಮೆಂಟೇ ಕೊಡುತ್ತದೆ. ಗೊತ್ತಿದ್ದೂ ಹಣ ತೆಗೆದವರಿಗೆ ನ್ಯೂಜೆರ್ಸಿ 1979ರ ವಿಲ್ಸನ್ ತೀರ್ಪಿನಿಂದ ಅದನ್ನೇ ಮಾಡುತ್ತಿದೆ.

ನ್ಯೂಯಾರ್ಕ್‌ನಲ್ಲಿ ಶಿಸ್ತು ಆರೋಪಕ್ಕೆ ಸಾಕ್ಷ್ಯದ ಅಳತೆ ಕಡಿಮೆ, ಸಂಭಾವ್ಯತೆಯ ಮೇಲುಗೈ ಸಾಕು. ಹಾಗಾಗಿ ಅಲ್ಲಿಂದ ಬಂದ ತೀರ್ಪನ್ನು ಉಳಿದ ರಾಜ್ಯ ಒಪ್ಪಬಾರದು ಎಂಬ ವಾದ ಚೆನ್ನಾಗಿ ಕೇಳಿಸುತ್ತದೆ. ಡಿ.ಸಿ. ಅದನ್ನು 1997ರಲ್ಲೇ ತಳ್ಳಿಹಾಕಿದೆ. ಆ ವಾದಕ್ಕೆ ಹಣ ಸುರಿಯಬೇಡಿ.

ಉತ್ತರ ಕೊಡದೆ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ನ್ಯೂಯಾರ್ಕ್‌ನ ಮಾಜಿ ಮೇಯರ್ ರೂಡಿ ಜಿಯುಲಿಯಾನಿ ಪ್ರಕರಣ ಎಲ್ಲರೂ ಓದಿದ್ದೇವೆ. ನ್ಯೂಯಾರ್ಕ್ 2021ರ ಜೂನ್‌ನಲ್ಲಿ ಮಧ್ಯಂತರ ಅಮಾನತು ಮಾಡಿತು, ಮರುತಿಂಗಳೇ ಡಿ.ಸಿ. ತಾತ್ಕಾಲಿಕವಾಗಿ ಅಮಾನತು ಮಾಡಿತು. 2024ರ ಜುಲೈ 2ರಂದು ನ್ಯೂಯಾರ್ಕ್ ಡಿಸ್‌ಬಾರ್ ಮಾಡಿತು. ಡಿ.ಸಿ. ಶೋಕಾಸ್ ಕಳಿಸಿತು, ಉತ್ತರ ಬರಲಿಲ್ಲ, ಸೆಪ್ಟೆಂಬರ್ 26ಕ್ಕೆ ಅಲ್ಲೂ ಡಿಸ್‌ಬಾರ್. ಡಿ.ಸಿ.ಯಲ್ಲೇ ಹುಟ್ಟಿದ್ದ ಪ್ರತ್ಯೇಕ ಕೇಸೊಂದು ವರ್ಷಗಟ್ಟಲೆ ನಡೆದಿತ್ತು, ಅದಕ್ಕಿಂತ ಮೊದಲು ಈ ಪುಟ್ಟ ಆದೇಶ ಕೆಲಸ ಮುಗಿಸಿತು.

ಉತ್ತರ: ಶಾಲ್ಮಲಾ

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಹೇಮಾವತಿಯವರ ಮೂರನೇ ಪ್ರಶ್ನೆ ಎಲ್ಲಕ್ಕಿಂತ ದುಬಾರಿಯಾದದ್ದು, ಅದನ್ನು ಯಾರೂ ಮುಟ್ಟಲಿಲ್ಲ.

ಮೂರು ತಿಂಗಳು ತಾನಾಗಿ ಒಟ್ಟಿಗೆ ಕಳೆಯುವುದಿಲ್ಲ. ಡಿ.ಸಿ.ಯಲ್ಲಿ ಹೀಗಾಗುತ್ತದೆ: ಡಿಸಿಪ್ಲಿನರಿ ಕೌನ್ಸೆಲ್ ನ್ಯೂಜೆರ್ಸಿ ಆದೇಶವನ್ನು ಡಿ.ಸಿ.ಯ ಅತ್ಯುನ್ನತ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ಸ್‌ಗೆ ಹಾಕುತ್ತಾರೆ. ಕೋರ್ಟು ಅಂತಿಮ ತೀರ್ಮಾನದವರೆಗೆ ಅಮಾನತು ಮಾಡಿ, 30 ದಿನದೊಳಗೆ ಕಾರಣ ತೋರಿಸಿ ಎನ್ನುತ್ತದೆ. ಅಂತಿಮ ಆದೇಶ ನವೆಂಬರಿನಲ್ಲಿ ಬಂತು ಎಂದುಕೊಳ್ಳಿ. ಅಷ್ಟರಲ್ಲಿ ನ್ಯೂಜೆರ್ಸಿಯ ಮೂರು ತಿಂಗಳು ಯಾವಾಗಲೋ ಮುಗಿದಿರುತ್ತದೆ. ಡಿ.ಸಿ.ಯ ಮೂರು ತಿಂಗಳು ಯಾವಾಗಿನಿಂದ?

ಇದಕ್ಕೆ 1983ರ ಗೋಲ್ಡ್‌ಬರ್ಗ್ ತೀರ್ಪು ದಾರಿ ಕೊಟ್ಟಿದೆ. ವಕೀಲರು ಮೊದಲ ರಾಜ್ಯದ ಅಮಾನತಿನ ಬಗ್ಗೆ ಕೂಡಲೇ ತಿಳಿಸಿ, ಆ ಅವಧಿಯಲ್ಲಿ ಡಿ.ಸಿ.ಯಲ್ಲೂ ಸ್ವಇಚ್ಛೆಯಿಂದ ವಕೀಲಿ ನಿಲ್ಲಿಸಿ, ಅದನ್ನು ಅಫಿಡವಿಟ್ ಮೂಲಕ ತೋರಿಸಿದರೆ, ಡಿ.ಸಿ. ಅಮಾನತನ್ನು ಹಿಂದಿನ ತಾರೀಖಿನಿಂದ ಎಣಿಸಬಹುದು. ಅಂದರೆ ಏಪ್ರಿಲ್ 1ರಿಂದಲೇ.

ಅಫಿಡವಿಟ್ ಹೇಗಿರಬೇಕು ಎಂಬುದರಲ್ಲೇ ಬಹಳ ಜನ ಎಡವುವುದು. ಏಪ್ರಿಲ್ 1ರಿಂದ ಇಂದಿನವರೆಗೆ ಡಿ.ಸಿ.ಯ ಯಾವ ನ್ಯಾಯಾಲಯದಲ್ಲೂ ಹಾಜರಾಗಿಲ್ಲ, ಡಿ.ಸಿ. ಕಾನೂನಿನ ಬಗ್ಗೆ ಯಾರಿಗೂ ಸಲಹೆ ಕೊಟ್ಟಿಲ್ಲ, ಹೊಸ ಕೇಸು ಹಿಡಿದಿಲ್ಲ, ಶುಲ್ಕ ಪಡೆದಿಲ್ಲ ಎಂದು ಒಂದೊಂದಾಗಿ ಬರೆಯಬೇಕು. ಆ ದಿನ ಕೈಯಲ್ಲಿದ್ದ ಡಿ.ಸಿ. ಕೇಸುಗಳು ಯಾರಿಗೆ ಹೋದವು, ಯಾವ ತಾರೀಖಿಗೆ ಎಂಬುದು ಬೇಕು. ಡಿ.ಸಿ. ಕೇಸು ಒಂದೂ ಇಲ್ಲದಿದ್ದರೆ ಇಲ್ಲ ಎಂದೇ ಸ್ಪಷ್ಟವಾಗಿ ಬರೆಯಬೇಕು. ಡಿಸಿಪ್ಲಿನರಿ ಕೌನ್ಸೆಲ್‌ಗೆ ತಿಳಿಸಿದ ತಾರೀಖನ್ನು ಸೇರಿಸಿ, ಆ ಪತ್ರದ ಪ್ರತಿ ಲಗತ್ತಿಸಿ. ಇಮೇಲ್ ಸಹಿಯಲ್ಲಿ, ಫರ್ಮ್ ವೆಬ್‌ಸೈಟಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ ಡಿ.ಸಿ.ಯಲ್ಲಿ ವಕೀಲ ಎಂದು ಇನ್ನೂ ಹಾಕಿಕೊಂಡಿದ್ದರೆ ಆ ಅಫಿಡವಿಟ್ ನಂಬುವವರಿಲ್ಲ. ಏಪ್ರಿಲ್ 1ಕ್ಕೆ ಮೊದಲೇ ತೆಗೆದುಹಾಕಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇದಾದ ಮೇಲೂ ಡಿ.ಸಿ.ಯ ಅದೇ ರೂಲ್ 11ರ ಸೆಕ್ಷನ್ 14ರ ಅಫಿಡವಿಟ್ ಒಂದಿದೆ, ಅದು ಕೋರ್ಟು ಅಮಾನತು ಆದೇಶ ಕೊಟ್ಟ ಮೇಲೆ ಹಾಕಬೇಕಾದ್ದು. ಕಕ್ಷಿದಾರರಿಗೆ ತಿಳಿಸಿದ್ದೇನೆ ಎಂಬ ಆ ಪತ್ರ ಸಲ್ಲಿಸುವವರೆಗೆ, ಮರುಸೇರ್ಪಡೆಯ ದೃಷ್ಟಿಯಿಂದ, ಅಮಾನತಿನ ಅವಧಿ ಓಡುವುದೇ ಇಲ್ಲ. ನನಗೆ ಡಿ.ಸಿ.ಯಲ್ಲಿ ಕಕ್ಷಿದಾರರೇ ಇಲ್ಲ, ಏಕೆ ಹಾಕಲಿ ಎಂದು ಬಿಟ್ಟವರ ಮೂರು ತಿಂಗಳ ಅಮಾನತು ಮೂರು ವರ್ಷವಾದರೂ ಹಾಗೇ ನಿಂತಿರುತ್ತದೆ. ಎರಡೂ ಅಫಿಡವಿಟ್ ಬೇರೆ ಬೇರೆ, ಎರಡೂ ಬೇಕು.

ನ್ಯೂಯಾರ್ಕ್‌ನಲ್ಲಿ ನಾಲ್ಕು ಅಪೆಲೇಟ್ ವಿಭಾಗಗಳಿವೆ. ಹಿಂದಿನ ತಾರೀಖಿನಿಂದ ಎಣಿಸಿ ಎಂದು ಉತ್ತರದಲ್ಲೇ ಕೇಳಿಕೊಳ್ಳಬೇಕು. ಅದು ಹಕ್ಕಲ್ಲ, ಕೋರ್ಟಿನ ವಿವೇಚನೆ. ಬೇಗ ತಿಳಿಸಿ, ನ್ಯೂಯಾರ್ಕ್ ಕೆಲಸ ನಿಲ್ಲಿಸಿದವರಿಗೆ ಕೇಳಲು ಬಾಯಿ ಇರುತ್ತದೆ. ಆದೇಶ ಬಂದ ಮೇಲೆ 1240.15ರ ಅಡಿ ಕಕ್ಷಿದಾರರಿಗೆ 30 ದಿನದೊಳಗೆ ತಿಳಿಸಿ, 45 ದಿನದೊಳಗೆ ಪಾಲನೆಯ ಅಫಿಡವಿಟ್ ಹಾಕಬೇಕು.

ಇನ್ನೊಂದು ಅಪಾಯ: ಜುಲೈ 1 ಬಂದ ಕೂಡಲೇ ನ್ಯೂಜೆರ್ಸಿ ಸನದು ತಾನಾಗಿ ಮರಳುವುದಿಲ್ಲ. ಅಲ್ಲಿ ಅರ್ಜಿ ಹಾಕಿ ಮರುಸೇರ್ಪಡೆ ಆದೇಶ ಪಡೆಯಬೇಕು. ಕ್ಯಾಲೆಂಡರಿನಲ್ಲಿ ಜುಲೈ 1ಕ್ಕೆ ವಾಪಸ್ ಎಂದು ಬರೆದು, ಜುಲೈ 2ಕ್ಕೆ ಕೋರ್ಟಿನಲ್ಲಿ ನಿಂತರೆ ಅದು ಅಮಾನತಿನಲ್ಲಿದ್ದಾಗ ವಕೀಲಿ ಮಾಡಿದಂತೆ. ಮೊದಲ ತಪ್ಪಿಗಿಂತ ಇದು ಭಾರ.

ಮರುಪ್ರಶ್ನೆ: ಹೇಮಾವತಿ_ಬಿ

ತುಂಬ ಉಪಕಾರವಾಯಿತು. ಶಾಲ್ಮಲಾ ಮೇಡಂ, ಎರಡು ಅಫಿಡವಿಟ್ ವಿಷಯ ನಮ್ಮ ಚೆಕ್‌ಲಿಸ್ಟಿನಲ್ಲಿ ಒಂದೇ ಸಾಲಿನಲ್ಲಿತ್ತು, ಬೇರೆ ಮಾಡಿದೆ. ರಾಜೀನಾಮೆ ಪ್ರಶ್ನೆ ಉಳಿಯಿತು. ಜೊತೆಗೆ, ಒಪ್ಪಂದದ ಕರಡಿಗೆ ಇನ್ನೂ ಸಹಿ ಆಗಿರದಿದ್ದರೆ ಏನೇನು ನೋಡಬೇಕು?

ಉತ್ತರ: ವಕಾಲತ್ತು

ಕರಡಿನ ಪ್ರಶ್ನೆಯೇ ನಿಜವಾದ ಪ್ರಶ್ನೆ. ಎರಡನೇ ರಾಜ್ಯದಲ್ಲಿ ಮಾಡಬೇಕು ಎಂದುಕೊಳ್ಳುವ ವಾದವನ್ನೆಲ್ಲ ಮೊದಲ ರಾಜ್ಯದ ಕರಡಿನ ಮೇಲೆ ಮಾಡಬೇಕು. ಆ ಮೂರು ನಾಲ್ಕು ಪುಟಗಳನ್ನೇ ಉಳಿದವರೆಲ್ಲ ಓದುವುದು. ಸಂದರ್ಭ, ಸ್ವಭಾವ, ಒಳ್ಳೆಯತನ ಯಾವುದೂ ಅದರಲ್ಲಿ ಇಲ್ಲದಿದ್ದರೆ ಅವರ ಪಾಲಿಗೆ ಇಲ್ಲವೇ ಇಲ್ಲ.

ಮನಸ್ಥಿತಿಯ ಪದ ಮೊದಲು ನೋಡಿ. ಗೊತ್ತಿದ್ದೂ, ಅಜಾಗರೂಕತೆಯಿಂದ (ಪರಿಣಾಮ ಲೆಕ್ಕಿಸದೆ), ನಿರ್ಲಕ್ಷ್ಯದಿಂದ (ಗಮನ ತಪ್ಪಿ): ಮೂರಕ್ಕೂ ಮೂರು ಶಿಕ್ಷೆ. ಕಕ್ಷಿದಾರರ ಹಣ ಇಡುವ ಟ್ರಸ್ಟ್ ಖಾತೆಯ ಕೇಸಿನಲ್ಲಿ ಲೆಕ್ಕ ಬರೆಯದ ತಪ್ಪಿನಿಂದ ಒಬ್ಬ ಕಕ್ಷಿದಾರರ ಹಣ ಇನ್ನೊಬ್ಬರಿಗೆ ಹೋಗಿದ್ದರೆ, ನಿರ್ಲಕ್ಷ್ಯದಿಂದ ಎಂಬ ಪದ ಅಲ್ಲಿ ಇರಲೇಬೇಕು. ಬರೀ ಹಣ ದುರುಪಯೋಗವಾಯಿತು ಎಂದು ಬಿಟ್ಟರೆ ಡಿ.ಸಿ.ಯಲ್ಲಿ ಅದನ್ನು ಅಜಾಗರೂಕತೆ ಎಂದು ಓದಿದರೆ ತಡೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಮೊದಲ ರಾಜ್ಯದ ಅಧಿಕಾರಿಗೆ ಆ ಪದ ಸೇರಿಸುವುದರಿಂದ ನಷ್ಟವಿಲ್ಲ, ಕೇಳಿದರೆ ಬಹಳ ಸಲ ಒಪ್ಪುತ್ತಾರೆ.

ಆಮೇಲೆ ಉಲ್ಲಂಘಿಸಿದ ನಿಯಮಗಳ ಸಂಖ್ಯೆ. 8.4(ಸಿ), ಅಂದರೆ ಅಪ್ರಾಮಾಣಿಕತೆ, ನಿಜವಾಗಿ ಬೇಕಿದೆಯೇ? ಬೇಕಿದ್ದರೆ ಯಾವ ದಿನ, ಯಾರಿಗೆ, ಏನು ಹೇಳಿದ್ದು ಎಂದು ನಿಖರವಾಗಿ ಬರೆಸಿ. ಅಸ್ಪಷ್ಟವಾಗಿ ಬಿಟ್ಟರೆ ಓದುವವರು ದೊಡ್ಡದಾಗಿಯೇ ಕಲ್ಪಿಸಿಕೊಳ್ಳುತ್ತಾರೆ. ಶಿಕ್ಷೆ ತಗ್ಗಿಸಿದ ಕಾರಣಗಳೂ ದಾಖಲೆಯಲ್ಲಿ ಬರಲಿ: ಹಿಂದೆ ಶಿಸ್ತುಕ್ರಮ ಇಲ್ಲ, ಕಕ್ಷಿದಾರರಿಗೆ ಹಣ ಮರಳಿಸಲಾಗಿದೆ, ಚಿಕಿತ್ಸೆ ನಡೆದಿದೆ. ಉಳಿದ ಎಲ್ಲ ಸನದುಗಳ ಪಟ್ಟಿಯನ್ನು ಅದರಲ್ಲೇ ಹಾಕಿಸಿದರೆ ಮುಚ್ಚಿಟ್ಟರು ಎಂಬ ಮಾತು ಮುಂದೆ ಏಳುವುದಿಲ್ಲ. ಸಾಧ್ಯವಾದರೆ ಜಾರಿ ತಾರೀಖನ್ನು ನಾಲ್ಕು ವಾರ ಮುಂದೆ ಇಡಿಸಿ. ಎಲ್ಲ ಕಡೆ ಕೆಲಸ ಹಸ್ತಾಂತರಿಸಿ, ಎಲ್ಲ ಕಡೆ ಒಂದೇ ದಿನ ನಿಲ್ಲಿಸಲು ಸಮಯ ಸಿಗುತ್ತದೆ.

ಒಪ್ಪಂದ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬಿಲ್ ಕ್ಲಿಂಟನ್ ಪ್ರಕರಣ ನೋಡಿ. 2001ರ ಜನವರಿ 19ರಂದು, ಅಧ್ಯಕ್ಷಗಿರಿಯ ಕೊನೆಯ ಪೂರ್ಣ ದಿನ, ಅರ್ಕನ್ಸಾದಲ್ಲಿ ಐದು ವರ್ಷ ಅಮಾನತು ಮತ್ತು 25,000 ಡಾಲರ್ ದಂಡಕ್ಕೆ ಒಪ್ಪಿದರು. ಅದೇ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರನ್ನು ತನ್ನ ಬಾರ್‌ನಿಂದ ಅಮಾನತು ಮಾಡಿ, ಡಿಸ್‌ಬಾರ್ ಏಕೆ ಮಾಡಬಾರದು ಎಂದು 40 ದಿನ ಕೊಟ್ಟಿತು. ನವೆಂಬರಿನಲ್ಲಿ ಅವರು ಆ ಬಾರ್‌ಗೆ ರಾಜೀನಾಮೆ ಕೊಟ್ಟರು.

ಉತ್ತರ: ಟ್ರೆಂಟನ್_ಕನ್ನಡಿಗ

ರಾಜೀನಾಮೆ ಬಗ್ಗೆ ನಾನು ಹೇಳುತ್ತೇನೆ. ಸುಪ್ರೀಂ ಕೋರ್ಟಿನಲ್ಲಿ ಆದದ್ದು ಎಲ್ಲ ಕಡೆ ಆಗುವುದಿಲ್ಲ. ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರದ್ದು ಪಾಠದಂಥ ಪ್ರಕರಣ. ಕ್ಯಾಲಿಫೋರ್ನಿಯಾ ಅವರ ರಾಜೀನಾಮೆ ಒಪ್ಪಿತು. ನ್ಯೂಯಾರ್ಕ್ ಒಪ್ಪಲಿಲ್ಲ. ತನಿಖೆ ನಡೆಯುವಾಗ ರಾಜೀನಾಮೆ ಕೊಡಬೇಕಾದರೆ ಆರೋಪಗಳ ವಿರುದ್ಧ ತನ್ನನ್ನು ಯಶಸ್ವಿಯಾಗಿ ಸಮರ್ಥಿಸಿಕೊಳ್ಳಲು ಆಗುವುದಿಲ್ಲ ಎಂದು ಒಪ್ಪಿಕೊಂಡ ಹೇಳಿಕೆ ಬೇಕಿತ್ತು, ಅದನ್ನು ಅವರು ಕೊಡಲಿಲ್ಲ. 1976ರ ಜುಲೈನಲ್ಲಿ ನ್ಯೂಯಾರ್ಕ್ ಡಿಸ್‌ಬಾರ್ ಮಾಡಿತು.

ಈಗಿನ ನ್ಯೂಯಾರ್ಕ್ ನಿಯಮ 1240.10ರಲ್ಲೂ ತನಿಖೆ ಬಾಕಿ ಇರುವಾಗ ಕೊಟ್ಟ ರಾಜೀನಾಮೆ ಒಪ್ಪಿದರೆ ಅದು ಡಿಸ್‌ಬಾರ್ಮೆಂಟ್ ಆಗಿಯೇ ಮುಗಿಯುತ್ತದೆ. ಮೂರು ತಿಂಗಳ ಅಮಾನತು ತಪ್ಪಿಸಲು ಹೋಗಿ ಅದನ್ನು ತಂದುಕೊಂಡರೆ, ನ್ಯೂಯಾರ್ಕ್‌ನಲ್ಲಿ ಮರುಸೇರ್ಪಡೆಗೆ ಏಳು ವರ್ಷ ಕಾಯಬೇಕು. ಅದು ಬಹಿರಂಗ ದಾಖಲೆಯಾಗಿ ನ್ಯೂಜೆರ್ಸಿಗೇ ವಾಪಸ್ ಬರುತ್ತದೆ. ಡಿ.ಸಿ. ಸನದು ಬಳಕೆಯಲ್ಲಿಲ್ಲದಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ವಕೀಲಿ ಮಾಡಿಲ್ಲ ಎಂಬ ಅಫಿಡವಿಟ್ ಸುಲಭ. ಇಟ್ಟುಕೊಳ್ಳಿ, ಅವಧಿ ಮುಗಿಸಿ, ಆಮೇಲೆ ಬೇಡವಾದರೆ ಶಿಸ್ತಿನ ಛಾಯೆ ಇಲ್ಲದೆ ಬಿಡಿ.

ಪ್ರಶ್ನೆ: ಮಲ್ಲೇಶ್ವರಂ_ಎಲ್‌ಎಲ್‌ಎಂ

ಇದೇ ಎಳೆಯಲ್ಲಿ ಕೇಳುತ್ತೇನೆ. ಇಲ್ಲಿ ಎಲ್‌ಎಲ್‌ಬಿ, ಅಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪಾಸಾಗಿ, ಬೆಂಗಳೂರಿಗೆ ಮರಳಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನದು ಪಡೆದವರು ಹಲವರಿದ್ದಾರೆ. ಅವರಲ್ಲಿ ಯಾರಾದರೂ ನ್ಯೂಯಾರ್ಕ್ ನೋಂದಣಿ ಶುಲ್ಕ ಕಟ್ಟದೆ ಬಿಟ್ಟಿದ್ದರೆ ಅದು ಶಿಸ್ತುಕ್ರಮವೇ? ಭಾರತದಲ್ಲಿ ರೆಸಿಪ್ರೊಕಲ್ ಡಿಸಿಪ್ಲಿನ್ ಇದೆಯೇ?

ಉತ್ತರ: ಶಾಲ್ಮಲಾ

ಶುಲ್ಕ ಬಾಕಿ, ಸಿಎಲ್‌ಇ (ವಕೀಲರ ಮುಂದುವರಿದ ಕಾನೂನು ಶಿಕ್ಷಣ) ಬಾಕಿಗೆ ಸನದು ನಿಂತರೆ ಹಲವು ರಾಜ್ಯಗಳಲ್ಲಿ ಅದು ಆಡಳಿತಾತ್ಮಕ ಅಮಾನತು, ಶಿಸ್ತಿನದ್ದಲ್ಲ. ನ್ಯೂಯಾರ್ಕ್ ಹಾಗಲ್ಲ. ಅಲ್ಲಿ ಜುಡಿಷಿಯರಿ ಲಾ 468-ಎ ಪ್ರಕಾರ ಎರಡು ವರ್ಷಕ್ಕೊಮ್ಮೆ ನೋಂದಾಯಿಸಿ 375 ಡಾಲರ್ ಕಟ್ಟದಿರುವುದು ನ್ಯಾಯಾಡಳಿತಕ್ಕೆ ಧಕ್ಕೆ ತರುವ ನಡತೆ. ಶಿಸ್ತು ಪ್ರಕರಣವಾಗಿಯೇ ಹೋಗುತ್ತದೆ. ಹೊರದೇಶದಲ್ಲಿರುವವರ ಪ್ರವೇಶ ಸಾಮಾನ್ಯವಾಗಿ ಆಲ್ಬನಿಯ ಮೂರನೇ ವಿಭಾಗದಲ್ಲಿ ಆಗಿರುತ್ತದೆ. ಆ ವಿಭಾಗ ಬಾಕಿದಾರರನ್ನು ಒಂದೇ ಆದೇಶದಲ್ಲಿ ನೂರಾರು ಜನರಂತೆ ಅಮಾನತು ಮಾಡಿದೆ. ನೋಟಿಸ್ ದಾಖಲೆಯಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಓದುವಾಗ ಇದ್ದ ಬಾಡಿಗೆ ಮನೆಯ ವಿಳಾಸ ಬದಲಿಸದೆ ಬಂದವರಿಗೆ ಅದು ತಲುಪುವುದೇ ಇಲ್ಲ. ವಿಳಾಸ ಬದಲಾದ 30 ದಿನದೊಳಗೆ ತಿಳಿಸುವ ಹೊಣೆ ವಕೀಲರದು, ಹಾಗಾಗಿ ತಲುಪಲಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಆಮೇಲೆ ಡಿ.ಸಿ.ಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಅರ್ಜಿ ಹಾಕುವಾಗ, ಎಲ್ಲಿಯಾದರೂ ಅಮಾನತು ಆಗಿದೆಯೇ ಎಂಬ ಕಾಲಂ ಬರುತ್ತದೆ. ಇಲ್ಲ ಎಂದು ಬರೆದರೆ ಸಣ್ಣ ಬಾಕಿ ಸುಳ್ಳು ಹೇಳಿಕೆಯಾಗಿ ಬೆಳೆಯುತ್ತದೆ. ಸರಿಪಡಿಸುವ ಕ್ರಮ: ಎಲ್ಲ ಬಾಕಿ ಅವಧಿಗಳ ನೋಂದಣಿ ಸಲ್ಲಿಸಿ, ಶುಲ್ಕ ಕಟ್ಟಿ, 1240.16ರಲ್ಲಿ ಮರುಸೇರ್ಪಡೆ ಕೇಳಿ. ಬೇಡವೇ ಬೇಡ ಎಂದಾದರೆ ಮೊದಲು ಬಾಕಿ ತೀರಿಸಿ, ಆಮೇಲೆ 1240.22ರ ರಾಜೀನಾಮೆ. ನಿವೃತ್ತ ಎಂಬ ಪೆಟ್ಟಿಗೆಗೆ ಟಿಕ್ ಹಾಕಿ ಶುಲ್ಕ ಉಳಿಸಬೇಡಿ. ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿರುವವರು ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲದಂತೆ ಕಾನೂನು ಕಟ್ಟಿದ್ದಾರೆ. ಅಡ್ವೊಕೇಟ್ಸ್ ಕಾಯ್ದೆ 1961ರ ಕಲಂ 17(4) ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿ ಇರುವಂತಿಲ್ಲ. ಕಲಂ 30 ಅಡಿ ಒಂದೇ ಸನದಿನಲ್ಲಿ ದೇಶದ ಎಲ್ಲ ಕಡೆ ವಕೀಲಿ. ಕಲಂ 35ರಲ್ಲಿ ಕರ್ನಾಟಕ ಪರಿಷತ್ತು ಅಮಾನತು ಮಾಡಿದರೆ 35(4)ರಂತೆ ಆ ಅವಧಿಯಲ್ಲಿ ಭಾರತದ ಯಾವ ನ್ಯಾಯಾಲಯದಲ್ಲೂ ನಿಲ್ಲುವಂತಿಲ್ಲ. ಒಂದೇ ಆದೇಶ ಸಾಕು. ಅದರ ವಿರುದ್ಧ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ವಿಚಾರಣೆ ಬಾಕಿ ಇರುವಾಗ ಬೇರೆ ರಾಜ್ಯದ ಪಟ್ಟಿಗೆ ವರ್ಗ ಕೇಳಿದರೆ ಕಲಂ 18 ಅಡಿ ತಿರಸ್ಕರಿಸಬಹುದು. ಪಟ್ಟಿ ಬದಲಿಸಿ ಪಾರಾಗುವ ದಾರಿಯನ್ನೂ ಮುಚ್ಚಿದ್ದಾರೆ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆ ಹೆಚ್ಚು ಅಚ್ಚುಕಟ್ಟು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಪೇಟೆಂಟ್_ಪಂಪಾ

ಪೇಟೆಂಟ್ ಕಚೇರಿಯ ಬಗ್ಗೆ ಒಂದು ಸೇರ್ಪಡೆ. 11.24ರಲ್ಲಿ ನೋಟಿಸ್ ಬಂದ ಮೇಲೆ ಉತ್ತರಕ್ಕೆ 40 ದಿನ, ರಾಜ್ಯಗಳ 30 ಅಲ್ಲ. ಹಿಂದಿನ ತಾರೀಖಿನಿಂದ ಎಣಿಸಲು ಅಲ್ಲಿಯೂ ಶರತ್ತುಗಳಿವೆ: ಕೂಡಲೇ ತಿಳಿಸಿರಬೇಕು, ಕಚೇರಿಯ ಮುಂದಿನ ಎಲ್ಲ ಕೆಲಸ ಸ್ವಇಚ್ಛೆಯಿಂದ ನಿಲ್ಲಿಸಿರಬೇಕು, ಅದನ್ನು ಸ್ಪಷ್ಟ ಸಾಕ್ಷ್ಯದಿಂದ ತೋರಿಸಬೇಕು. ಇಲ್ಲಿ ಎಡವುವ ಜಾಗ ಪೇಟೆಂಟ್ ಸೆಂಟರ್, ಅಂದರೆ ಕಚೇರಿಯ ಆನ್‌ಲೈನ್ ಫೈಲಿಂಗ್ ಖಾತೆ. ಅಮಾನತಿನ ಅವಧಿಯಲ್ಲಿ ಸಹಾಯಕರು ಹಳೆಯ ವಕೀಲರ ಲಾಗಿನ್ ಮತ್ತು ಸಹಿಯಲ್ಲೇ ಒಂದು ಉತ್ತರ ಫೈಲ್ ಮಾಡಿದರೆ ದಾಖಲೆಯಲ್ಲಿ ದಿನಾಂಕ, ನೋಂದಣಿ ಸಂಖ್ಯೆ ಸಮೇತ ಕೂತಿರುತ್ತದೆ, ಆಮೇಲೆ ಯಾವ ಅಫಿಡವಿಟ್ಟೂ ಉಳಿಸುವುದಿಲ್ಲ. ಬೆಂಗಳೂರಿನಿಂದ ಫೈಲಿಂಗ್ ಮಾಡುವ ತಂಡಗಳು ಏಪ್ರಿಲ್ 1ಕ್ಕೆ ಮೊದಲೇ ಪ್ರತಿ ಅರ್ಜಿಯಲ್ಲೂ ಪವರ್ ಆಫ್ ಅಟಾರ್ನಿ ಬೇರೆ ವಕೀಲರಿಗೆ ಬದಲಿಸಿ, ಹಳೆಯ ಪ್ರವೇಶ ಮುಚ್ಚಿಸಬೇಕು.

ವಲಸೆ ಕೇಸು ಮಾಡುವವರಿಗೆ ಇನ್ನೂ ಬಿಗಿ. ಅಮಾನತು ಅಥವಾ ಡಿಸ್‌ಬಾರ್ ಆದ 30 ದಿನದೊಳಗೆ ವಲಸೆ ನ್ಯಾಯಾಲಯಗಳ ಶಿಸ್ತು ಕೌನ್ಸೆಲ್‌ಗೂ ಹೋಮ್‌ಲ್ಯಾಂಡ್ ಸೆಕ್ಯೂರಿಟಿಗೂ ತಿಳಿಸಬೇಕು, ಮೇಲ್ಮನವಿ ಮಂಡಳಿ ತಕ್ಷಣದ ಅಮಾನತು ಆದೇಶ ಕೊಡುತ್ತದೆ. ನ್ಯೂಯಾರ್ಕ್ ಸನದು ಒಂದನ್ನೇ ಇಟ್ಟುಕೊಂಡು ಟೆಕ್ಸಾಸ್‌ನಲ್ಲಿ ಕೂತು ಎಚ್-1ಬಿ ಕೇಸು ಮಾಡುವ ವಕೀಲರಿಗೆ ಆ ಒಂದು ಸನದು ಹೋದ ದಿನ ಎಲ್ಲ ಕೆಲಸವೂ ನಿಂತಂತೆ. ಅವರ ಕಕ್ಷಿದಾರರಿಗೆ ವಕೀಲರು ಯಾರೆಂದು ತಿಳಿಸುವ ಜಿ-28 ಫಾರ್ಮಿನಲ್ಲಿ ಹೊಸ ವಕೀಲರ ಹೆಸರು ಬೇಗ ಸೇರಬೇಕು. ಇಲ್ಲದಿದ್ದರೆ ಹೆಚ್ಚಿನ ಸಾಕ್ಷ್ಯ ಕೇಳುವ ಆರ್‌ಎಫ್‌ಇ ನೋಟಿಸ್ ಅಮಾನತಾದವರ ಕಚೇರಿಗೇ ಹೋಗಿ, ಉತ್ತರದ ಗಡುವು ಅಲ್ಲೇ ಕಳೆದುಹೋಗುತ್ತದೆ.